ಕಲಸಿದವನು ನೋಡಬಾರದು

ಬಣ್ಣದ ಕೆಲಸಕ್ಕೆ ಹೊಸದಾಗಿ ಸೇರುವವರು ನನ್ನ ಬಳಿ ಬಂದು, “ಒಳ್ಳೆಯ ಕಲರಿಸ್ಟ್ ಆಗಬೇಕಾದರೆ ಏನು ಬೇಕು?” ಎಂದು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕೇಳಿದವರ ಮೇಲಲ್ಲ, ಅವರಿಗೆ ಹಾಗೆ ಕೇಳುವುದನ್ನು ಕಲಿಸಿದವರ ಮೇಲೆ. ಒಬ್ಬ ಮನುಷ್ಯನ ತಲೆಯೊಳಗೋ ಕಣ್ಣೊಳಗೋ ಏನೋ ಒಂದು ಇರುತ್ತದೆ, ಅದನ್ನು ಹೊರಗೆ ತೆಗೆದರೆ ಸಾಕು ಎಂದು ಇವರೆಲ್ಲ ತಿಳಿದುಕೊಂಡಿದ್ದಾರೆ. ನಾನು ನಿವೃತ್ತನಾದ ದಿನ ಮಿಲ್ಲಿನವರು ಶಾಲು ಹೊದಿಸಿ, “ಅಂಗಡಿಯವರ ಕಣ್ಣು ದೇವರು ಕೊಟ್ಟ ಕಣ್ಣು” ಎಂದು ಭಾಷಣ ಮಾಡಿದರು; ಅಂಗಡಿ ನನ್ನ ಅಡ್ಡಹೆಸರು. ಶಾಲಿನೊಳಗೆ ನನ್ನ ಮೈ ಉರಿಯುತ್ತಿತ್ತು. ನನ್ನ ಕಣ್ಣು ಎಲ್ಲರ ಕಣ್ಣಿನಂಥದ್ದೇ. ಐವತ್ತರ ದಶಕದಲ್ಲಿ ಕೆಲವು ವರ್ಷ ಅದು ಚೆನ್ನಾಗಿ ಕೆಲಸ ಮಾಡಿತು. ಏಕೆ ಮಾಡಿತು, ಆಮೇಲೆ ಏಕೆ ನಿಂತಿತು ಎಂಬುದನ್ನು ಆ ಸಭೆಯಲ್ಲಿ ಹೇಳಲಿಲ್ಲ. ಇಲ್ಲಿ ಹೇಳುತ್ತೇನೆ.

ಪರೇಲಿನ ಒಂದು ಬಟ್ಟೆ ಗಿರಣಿ. ಹೆಸರು ಬೇಡ. ಧಾರವಾಡದ ಕಡೆಯಿಂದ ಮ್ಯಾಟ್ರಿಕ್ ಮುಗಿಸಿ ಬಂದವನು, ರಾತ್ರಿ ತರಗತಿಯಲ್ಲಿ ಒಂದಿಷ್ಟು ರಸಾಯನಶಾಸ್ತ್ರ ಕಲಿತು, ಸರ್ಟಿಫಿಕೇಟು ಹಿಡಿದು ಬಣ್ಣದ ಖಾತೆಗೆ ಸೇರಿದೆ. ಕಲರ್ ಖೋಲಿ ಎಂದರೆ ಒಂದು ತಕ್ಕಡಿ, ಪುಡಿಗಳ ಡಬ್ಬಿಗಳ ಸಾಲು, ಒಂದು ಸಣ್ಣ ಒಲೆ ಮತ್ತು ಉತ್ತರಕ್ಕೆ ಒಂದು ದೊಡ್ಡ ಕಿಟಕಿ. ವ್ಯಾಪಾರಿ ಒಂದು ತುಂಡು ಬಟ್ಟೆ ತಂದು “ಈ ಬಣ್ಣ ಬೇಕು” ಎನ್ನುತ್ತಾನೆ. ನಾವು ಪುಡಿಗಳನ್ನು ತೂಗಿ, ಕಲಸಿ, ಅಂಗೈ ಅಗಲದ ಬಿಳಿ ಬಟ್ಟೆಯನ್ನು ಸಣ್ಣ ಪಾತ್ರೆಯಲ್ಲಿ ಕುದಿಸಿ, ಒಣಗಿಸಿ, ಕಿಟಕಿಯ ಬೆಳಕಿನಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿಯಬೇಕು. ಒಂದಕ್ಕೊಂದು ಕೂಡಿತೋ, ಆ ಲೆಕ್ಕದಲ್ಲಿ ದೊಡ್ಡ ತೊಟ್ಟಿಗೆ ಬಣ್ಣ ಹೋಗುತ್ತದೆ, ಸಾವಿರಾರು ಗಜ ಬಟ್ಟೆ ಮುಳುಗುತ್ತದೆ. ಕೂಡಲಿಲ್ಲವೋ, ಮತ್ತೆ ಕಲಸು.

ಆಗ ಖಾತೆಯ ಮುಖ್ಯಸ್ಥರು, ಅಂದರೆ ಡೈಯಿಂಗ್ ಮಾಸ್ಟರ್ ಆಗಿದ್ದವರು ಒಬ್ಬ ವಯಸ್ಸಾದ ಪಾರ್ಸಿ. ಇಡೀ ಖಾತೆ ಅವರನ್ನು ಬಾವಾಜಿ ಎನ್ನುತ್ತಿತ್ತು. ನಾನು ಸೇರಿದ ಮೊದಲ ತಿಂಗಳಲ್ಲೇ ಒಂದು ಕಡುನೀಲಿಯನ್ನು ಕೂಡಿಸಿ, ಎದೆಯುಬ್ಬಿಸಿ ಅವರ ಮುಂದೆ ಹಿಡಿದೆ. ಅವರು ನೋಡುತ್ತಿದ್ದಾಗ ಹಿಂದಿನಿಂದ ಯಾರೋ ನಾಲಿಗೆಯಲ್ಲಿ ಲೊಚ್ ಎಂದು ಸದ್ದು ಮಾಡಿದರು. ತಿರುಗಿ ನೋಡಿದರೆ ತೊಟ್ಟಿ ತೊಳೆಯುವವರು, ಕೈಯಲ್ಲಿ ಬಕೆಟ್ಟು, ಬ್ರಷ್ಷು. ಕಾರ್ಕಳದ ಕಡೆಯವರು, ಹೆಸರು ತಿಮ್ಮಪ್ಪ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು.

“ಕ್ಯಾ ಹುವಾ?” ಎಂದು ಬಾವಾಜಿ ಗದರಿದರು.

ತಿಮ್ಮಪ್ಪ ಹೆದರಿಕೊಂಡೇ ಹಿಂದಿಯಲ್ಲಿ, ಇದು ಅದಲ್ಲ ಸಾಹೇಬ್, ಇದರಲ್ಲಿ ಕೆಂಪು ನುಗ್ಗಿದೆ ಎಂದರು. ಬಾವಾಜಿ ಎರಡೂ ತುಂಡು ಕಿತ್ತುಕೊಂಡು ಕಿಟಕಿಗೆ ಹೋದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಇವನು ಹೂಂ ಅನ್ನುವವರೆಗೆ ಕಲಸುತ್ತಾ ಇರು ಎಂದು ಹೇಳಿ ಹೊರಟುಹೋದರು. ಸರ್ಟಿಫಿಕೇಟು ಇದ್ದವನ ಕೆಲಸಕ್ಕೆ ತೊಟ್ಟಿ ತೊಳೆಯುವವರ ಒಪ್ಪಿಗೆ! ನನಗೆ ಆ ದಿನ ಊಟ ಸೇರಲಿಲ್ಲ.

ಮರುದಿನದಿಂದ ತಿಮ್ಮಪ್ಪಣ್ಣ ನಮ್ಮ ಖೋಲಿಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತರು. ಕೂತದ್ದಾದರೂ ಹೇಗೆ? ನನಗೆ ಬೆನ್ನು ಹಾಕಿ, ಸುಣ್ಣ ಬಳಿದ ಗೋಡೆಗೆ ಮುಖ ಮಾಡಿ. ನಾನು ತೂಗುವುದನ್ನು, ಕಲಸುವುದನ್ನು ಒಂದು ಸಲವೂ ನೋಡುತ್ತಿರಲಿಲ್ಲ. ತುಂಡು ಒಣಗಿದ ಮೇಲೆ ಕರೆದರೆ ಎದ್ದು ಬಂದು ಕಿಟಕಿಯ ಹತ್ತಿರ ಒಂದೇ ಸಲ ನೋಡಿ, “ಆಗ್ಲಿಕ್ಕಿಲ್ಲ” ಎಂದು ಮತ್ತೆ ಗೋಡೆಗೆ ಮುಖ ಮಾಡುವರು. ಇದು ನನಗೆ ಬೇಕೆಂದೇ ಮಾಡುವ ಅವಮಾನ ಎಂದುಕೊಂಡೆ. ಒಂದು ದಿನ ತಡೆಯಲಾಗದೆ ಕೇಳಿಯೇ ಬಿಟ್ಟೆ.

“ಏನ್ರೀ ತಿಮ್ಮಪ್ಪಣ್ಣಾ, ನಾ ಏನು ಮಾಟ ಮಾಡಾಕತ್ತೀನೇನು? ಇತ್ತ ಹೊಳ್ಳಿ ನೋಡಿದ್ರ ಏನಾಗತೈತಿ?”

“ನೀವು ಬೆವರು ಸುರಿಸುದು ಕಂಡ್ರೆ ನಂಗೆ ಪಾಪ ಅನ್ನಿಸ್ತದೆ ಮಾರಾಯ್ರೇ,” ಎಂದರು ಅವರು. “ಪಾಪ ಅನ್ನಿಸಿದ್ರೆ ಕಣ್ಣು ಕೆಡ್ತದೆ. ಸಾಕು, ಇಷ್ಟು ಆಯ್ತಲ್ಲ ಅನ್ನಿಸ್ತದೆ. ಹಾಗಾಗಿ ಕಲಸಿದವ ನೋಡ್ಬಾರ್ದು, ನೋಡುವವ ಕಲಸುದನ್ನ ಕಾಣ್ಬಾರ್ದು.”

ಇದನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಆಮೇಲೂ ಓದಿಲ್ಲ.

ಅವರ ‘ಆಗ್ಲಿಕ್ಕಿಲ್ಲ’ ಮಾತ್ರ ನನ್ನ ಜೀವ ಹಿಂಡುತ್ತಿತ್ತು. ಏನು ಆಗುವುದಿಲ್ಲ, ಎಷ್ಟು ಆಗುವುದಿಲ್ಲ ಎಂದು ಹೇಳಲು ಆ ಮನುಷ್ಯರಿಗೆ ಮೊದಮೊದಲು ಬರುತ್ತಲೇ ಇರಲಿಲ್ಲ. ನಾನು ಬಿಡಲಿಲ್ಲ. “ಬರೇ ಆಗೂದಿಲ್ಲ ಅಂದ್ರ ನಾ ಏನು ಮಾಡ್ಲಿ? ಹಳದಿ ಹೆಚ್ಚಾತೋ, ನೀಲಿ ಕಡಿಮಿ ಬಿತ್ತೋ? ಎಷ್ಟು? ಹೇಳ್ರಿ” ಎಂದು ಜಗಳ ತೆಗೆಯುತ್ತಿದ್ದೆ. ಅವರು ಕಣ್ಣು ಕಿರಿದು ಮಾಡಿ, ತಡಕಾಡಿ, ಕೊನೆಗೆ ಒಂದು ಮಾತು ಹಿಡಿಯುವರು. ಎರಡು ವರ್ಷದಲ್ಲಿ, “ಕೆಂಪು ಸರಿ ಉಂಟು, ಹಳದಿ ಒಂದು ಚಿಟಿಕೆಯಲ್ಲಿ ಕಾಲು ತೆಗೀರಿ” ಎನ್ನುವಷ್ಟು ಅವರ ಕಣ್ಣು ಹರಿತವಾಯಿತು. ಆ ಕಾಲು ಚಿಟಿಕೆಯನ್ನು ತೆಗೆಯುವಷ್ಟು ನನ್ನ ಕೈಯೂ ಹದವಾಯಿತು. ಮಿಲ್ಲಿನಲ್ಲಿ ಅವರು ಅದಕ್ಕೆ ಮುಂಚೆ ಒಂಬತ್ತು ವರ್ಷ ಇದ್ದರು. ಆ ಒಂಬತ್ತು ವರ್ಷವೂ ಅದೇ ಕಣ್ಣು ಅವರ ಮುಖದಲ್ಲೇ ಇತ್ತಲ್ಲ? ಯಾರೂ ಕೇಳಿರಲಿಲ್ಲ, ಅದಕ್ಕೆ ಅದು ತೊಟ್ಟಿಯ ತಳ ನೋಡಿಕೊಂಡು ಇತ್ತು.

ಒಂದು ಸಲ ಕಾಲ್ಬಾದೇವಿಯ ವ್ಯಾಪಾರಿಯೊಬ್ಬರು ಬಟ್ಟೆಯ ಬದಲು ಒಂದು ಬದನೆಕಾಯಿ ಹಿಡಿದುಕೊಂಡು ಬಂದರು. ತೊಟ್ಟಿನ ಎಸಳನ್ನು ಎತ್ತಿ, ಅದರ ಅಡಿಯಲ್ಲಿ ಬಿಸಿಲು ಕಾಣದೆ ತಿಳಿಯಾಗಿ ಉಳಿದ ನೇರಳೆಯನ್ನು ತೋರಿಸಿ, “ಈ ಬಣ್ಣದ ಸೀರೆ ಬೇಕು” ಎಂದರು. ಬಾವಾಜಿ ನಕ್ಕರು. ತಿಮ್ಮಪ್ಪಣ್ಣ ನಗಲಿಲ್ಲ. ಬದನೆಕಾಯಿಯನ್ನು ಕಿಟಕಿಯಲ್ಲಿ ಒಂದು ಗಳಿಗೆ ನೋಡಿ, ಗೋಡೆಗೆ ಮುಖ ಮಾಡಿ ಕೂತರು. ಮರುದಿನಕ್ಕೆ ಬದನೆಕಾಯಿ ಕಂದಿಹೋಯಿತು. ಇನ್ನೊಂದು ತರಿಸೋಣ ಎಂದರೆ, “ಬೇಡ, ಬೇರೆದು ಬೇರೆಯೇ ಆಗ್ತದೆ. ನಂಗೆ ನೆನಪುಂಟು” ಎಂದರು. ಮೂರನೇ ದಿನ, ಹದಿನೇಳನೇ ತುಂಡಿಗೆ ಹೂಂ ಎಂದರು. ವ್ಯಾಪಾರಿ ಅದನ್ನು ನೋಡಿ ತುಂಡನ್ನು ಜೇಬಿಗೆ ಹಾಕಿಕೊಂಡರು. ಆ ಸೀರೆ ಆ ವರ್ಷ ಮುಂಬಯಿಯಲ್ಲೆಲ್ಲ ಓಡಾಡಿತು. ನಾವಿಬ್ಬರೂ ಘಾಟ್ಕೋಪರಿಗೆ ಹೋಗುವ ಲೋಕಲ್ ರೈಲಿನಲ್ಲಿ ಉಟ್ಟವರನ್ನು ಎಣಿಸುತ್ತಿದ್ದೆವು.

ಬಾವಾಜಿ ಒಳ್ಳೆಯವರು. ಆದರೂ ಅವರ ಮೇಲೂ ನನಗೆ ಸಿಟ್ಟಿದೆ. ಐದು ವರ್ಷ ಆ ಮನುಷ್ಯರನ್ನು ಸ್ಟೂಲಿನ ಮೇಲೆ ಕೂರಿಸಿದರೇ ಹೊರತು, ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದಿದ್ದ ‘ತೊಟ್ಟಿ ತೊಳೆಯುವವನು’ ಎಂಬುದನ್ನು ಬದಲಿಸಲಿಲ್ಲ. “ಅದಕ್ಕೇನು, ನಾನಿದ್ದೇನಲ್ಲ” ಎನ್ನುತ್ತಿದ್ದರು. ಅವರು ನಿವೃತ್ತರಾಗಿ ಹೋದರು. ಹಾಜರಿ ಪುಸ್ತಕ ಅಲ್ಲಿಯೇ ಉಳಿಯಿತು.

ಅವರ ಜಾಗಕ್ಕೆ ಬಂದ ಹೊಸ ಮಾಸ್ಟರು ವಿಲಾಯತಿಯಲ್ಲಿ ಕಲಿತವರು. ಜೊತೆಗೆ ಒಂದು ದೀಪದ ಪೆಟ್ಟಿಗೆ ತಂದರು. ಅದನ್ನು ಹೊತ್ತಿಸಿದರೆ ಹಗಲಿನ ಬೆಳಕೇ ಬರುತ್ತದಂತೆ, ಇನ್ನು ಕಿಟಕಿಯ ಹಂಗು ಬೇಡವಂತೆ. ಕಿಟಕಿಗೆ ಕಪ್ಪು ಪರದೆ ಬಿತ್ತು. ಎರಡನೇ ದಿನ ಸ್ಟೂಲಿನ ಮೇಲೆ ಅವರ ಕಣ್ಣು ಬಿತ್ತು. ಗೋಡೆ ನೋಡಿಕೊಂಡು ಕೂತಿರುವ ಈ ಮನುಷ್ಯ ಯಾರು, ಇವನಿಗೆ ಸಂಬಳ ಯಾತಕ್ಕೆ ಎಂದು ಕೇಳಿದರು. ಪುಸ್ತಕ ತರಿಸಿ ನೋಡಿದರು. ಅಷ್ಟೇ. ತಿಮ್ಮಪ್ಪಣ್ಣನ ಕೈಗೆ ಮತ್ತೆ ಬ್ರಷ್ಷು ಬಂತು.

ನನ್ನನ್ನು ಕರೆದು, ಒಬ್ಬ ಮಾಡುವ ಕೆಲಸಕ್ಕೆ ಇಬ್ಬರು ಏಕೆ, ನೀನು ಓದಿದವನು, ನಿನ್ನ ಕಣ್ಣು ಸಾಲದೇ ಎಂದರು. ನಾನು ಏನು ಮಾಡಿದೆ ಎಂದು ನೀವು ಕೇಳಬೇಕು. ಹಿಗ್ಗಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಹಿಗ್ಗಿ ಹೀರೇಕಾಯಿಯಾದೆ. ದಿನಕ್ಕೆ ಹತ್ತು ಸಲ ‘ಆಗ್ಲಿಕ್ಕಿಲ್ಲ’ ಕೇಳುವ ಕಾಟ ತಪ್ಪಿತು ಎಂದು ಒಳಗೊಳಗೇ ಸಂತೋಷಪಟ್ಟೆ. “ಹಂಗಲ್ಲ ಸಾಹೇಬ್ರ, ನಾವಿಬ್ರೂ ಕೂಡಿದ್ರನ ಒಬ್ಬ ಕಲರಿಸ್ಟ್” ಎಂದು ಹೇಳುವ ಬಾಯಿಗೆ ಬೀಗ ಬಿದ್ದಿತ್ತು. ಬೀಗ ಹಾಕಿದವನು ನಾನೇ.

ಆಮೇಲೆ ಬಂತು ಎಳೆಹಸಿರು. ಹಿಂದೆ ನಾವಿಬ್ಬರೂ ಕೂಡಿಸಿದ್ದ ಬಣ್ಣವೇ. ವ್ಯಾಪಾರಿ ಮೊದಲ ಲಾಟ್ ಮಾಲು ಮಾರಿ, ಅದಕ್ಕೆ ಕೂಡುವಂಥದ್ದೇ ಇನ್ನೊಂದು ಲಾಟ್ ಕೇಳಿದ್ದರು. ಪುಡಿಯ ಡಬ್ಬಿ ಬೇರೆ ಕಂಪನಿಯದು ಬಂದಿದ್ದರಿಂದ ಹಳೆಯ ತೂಕ ನಡೆಯಲಿಲ್ಲ. ಬೆಳಗಿನಿಂದ ಹನ್ನೆರಡು ಸಲ ಕಲಸಿದೆ. ಕಣ್ಣು ಹಸಿರಿನಲ್ಲೇ ಮುಳುಗಿತ್ತು. ಹನ್ನೆರಡನೆಯ ತುಂಡನ್ನು ದೀಪದ ಪೆಟ್ಟಿಗೆಯಲ್ಲಿ ಇಟ್ಟಾಗ, ನಾನು ಪಟ್ಟ ಪಾಡೆಲ್ಲ ನೆನಪಾಗಿ, ಅದು ಕೂಡಿದೆ ಎಂದೇ ಕಂಡಿತು. ನನ್ನ ಮೇಲೆ ನನಗೇ ಪಾಪ ಅನ್ನಿಸಿ, ಪರದೆ ಸರಿಸಿ ಹಗಲಿಗೆ ಹಿಡಿದು ನೋಡುವ ತಾಳ್ಮೆಯೂ ಉಳಿದಿರಲಿಲ್ಲ. ಮಾಸ್ಟರೂ ಪೆಟ್ಟಿಗೆಯಲ್ಲಿ ನೋಡಿ ಸಹಿ ಹಾಕಿದರು. ತುಂಡನ್ನು, ಒಪ್ಪಿದ ಬಣ್ಣಗಳ ತುಂಡುಗಳನ್ನಿಡುವ ನನ್ನ ಶೇಡ್ ಪುಸ್ತಕದಲ್ಲಿ ಅಂಟಿಸಿ, ಲೆಕ್ಕವನ್ನು ತೊಟ್ಟಿಗೆ ಕಳಿಸಿದೆ.

ವಾರ ಕಳೆಯುವುದರೊಳಗೆ ಲಾಟ್ ಪೂರ್ತಿ ಹಿಂದಕ್ಕೆ ಬಂತು. ಹಳೆಯ ಬಟ್ಟೆಯ ಪಕ್ಕ ಬಿಸಿಲಿಗೆ ಹಿಡಿದರೆ ಹೊಸದು ಕಾಮಾಲೆ ಬಂದವರ ಹಾಗೆ ಹಳದಿ ಹೊಡೆಯುತ್ತದೆ ಎಂದು ವ್ಯಾಪಾರಿ ಕೂಗಾಡಿದರು. ಮಾಸ್ಟರು ಒಂದು ನಿಮಿಷವೂ ಯೋಚಿಸಲಿಲ್ಲ. ತೊಟ್ಟಿಯಲ್ಲಿ ಮೊದಲಿನ ಹಳದಿ ಉಳಿದಿತ್ತು, ತೊಳೆಯುವವನು ತೊಳೆದಿಲ್ಲ ಎಂದು ಬರೆದರು. ತೊಳೆದವರು ಯಾರು? ತಿಮ್ಮಪ್ಪಣ್ಣ. ಅವರನ್ನು ಕೆಲಸದಿಂದ ನಿಲ್ಲಿಸಿದರು. ವಿಚಾರಣೆ ಮಾಡಿ ತೆಗೆದುಹಾಕುತ್ತೇವೆ ಎಂದರು.

ಸುಳ್ಳು ಎಂದು ನನಗೆ ಆ ಕ್ಷಣವೇ ಗೊತ್ತಾಗಿತ್ತು. ಪುಸ್ತಕ ತೆಗೆದು, ಖೋಲಿಯ ಹೊರಗೆ ಬಂದು, ಅಂಟಿಸಿದ ತುಂಡನ್ನು ಹಗಲಿನಲ್ಲಿ ನೋಡಿದೆ. ಅದಕ್ಕೂ ಅದೇ ಕಾಮಾಲೆ. ಆ ತುಂಡು ಬೆಂದದ್ದು ನನ್ನ ಸಣ್ಣ ಪಾತ್ರೆಯಲ್ಲಿ. ತೊಟ್ಟಿಯ ನೀರನ್ನು ಅದು ಕಂಡೇ ಇಲ್ಲ. ತಪ್ಪು ತೊಟ್ಟಿಯದಲ್ಲ, ನನ್ನದು. ಇಷ್ಟು ತಿಳಿದ ಮೇಲೂ ನಾನು ಮೂರು ದಿನ ಸುಮ್ಮನಿದ್ದೆ. ಮೂರು ದಿನವೂ ಬೆಳಿಗ್ಗೆ ಗೇಟಿನ ಹೊರಗೆ ತಿಮ್ಮಪ್ಪಣ್ಣ ನಿಂತಿದ್ದರು, ನಾನು ತಲೆ ತಗ್ಗಿಸಿ ಒಳಗೆ ಹೋದೆ. ಮೂರನೆಯ ದಿನ ಮಾಸ್ಟರು ನನ್ನ ಹತ್ತಿರ ಬಂದು, ಪುಸ್ತಕದ ಆ ಹಾಳೆ ಹರಿದು ಹಾಕು, ವಿಚಾರಣೆಯಲ್ಲಿ ಯಾರಾದರೂ ಕೇಳಿಯಾರು ಎಂದು ಮೆಲ್ಲಗೆ ಹೇಳಿದರು. ಆಗ ನನಗೆ ಸಿಟ್ಟು ನೆತ್ತಿಗೇರಿತು. ಅಂದರೆ ಇವರಿಗೂ ಗೊತ್ತಿದೆ! ಗೊತ್ತಿದ್ದೂ ಒಬ್ಬ ಮನುಷ್ಯನ ಅನ್ನ ಕಿತ್ತುಕೊಳ್ಳುತ್ತಿದ್ದಾರೆ. ನಾನೂ ಅದನ್ನೇ ಮಾಡುತ್ತಿದ್ದೆ ಎಂಬುದು ಅವರ ಬಾಯಿಂದ ಕೇಳಿದಾಗಲೇ ನನಗೆ ಹೊಳೆದದ್ದು.

ಪುಸ್ತಕ ಹಿಡಿದು ನೇರವಾಗಿ ಮ್ಯಾನೇಜರ ಕೋಣೆಗೆ ಹೋದೆ. ಮಾಸ್ಟರನ್ನೂ ಕರೆಸಿದರು, ದೀಪದ ಪೆಟ್ಟಿಗೆಯನ್ನೂ ತರಿಸಿದರು. ಮೊದಲ ಲಾಟಿನ ತುಂಡು, ಹಿಂದೆ ಬಂದ ಲಾಟಿನ ತುಂಡು, ನನ್ನ ಪುಸ್ತಕದ ತುಂಡು, ಮೂರನ್ನೂ ಪೆಟ್ಟಿಗೆಯೊಳಗೆ ಇಟ್ಟರು. ಮ್ಯಾನೇಜರು ಬಗ್ಗಿ ನೋಡಿ, “ನನಗೆ ಮೂರೂ ಒಂದೇ ಕಾಣುತ್ತವೆ” ಎಂದರು. ಮಾಸ್ಟರು ಮುಗುಳ್ನಕ್ಕರು. ಆ ದೀಪದಡಿ ನನಗೂ ಮೂರೂ ಒಂದೇ ಕಾಣುತ್ತಿದ್ದವು; ಹಗಲಿಗೆ ಹಿಡಿದು ತೋರಿಸಬೇಕೆಂಬುದೂ ಆ ಹೊತ್ತಿಗೆ ಹೊಳೆಯಲಿಲ್ಲ.

“ಗೇಟಿನ್ಯಾಗ ತಿಮ್ಮಪ್ಪ ಅದಾರ, ಅವ್ರನ್ನ ಕರೀರಿ” ಎಂದು ಗಾಬರಿಯಲ್ಲಿ ನಮ್ಮ ಭಾಷೆಯಲ್ಲೇ ಹೇಳಿ, ಆಮೇಲೆ ಹಿಂದಿಯಲ್ಲಿ ಹೇಳಿದೆ.

ತಿಮ್ಮಪ್ಪಣ್ಣ ಬಂದರು. ನನ್ನನ್ನು ನೋಡಲಿಲ್ಲ. ಪೆಟ್ಟಿಗೆಯನ್ನೂ ನೋಡಲಿಲ್ಲ. ಮ್ಯಾನೇಜರಿಗೆ ನಮಸ್ಕಾರ ಮಾಡಿ, ಕಿಟಕಿಯ ಪರದೆ ಸರಿಸಲು ಅಪ್ಪಣೆ ಕೇಳಿದರು. ಸರಿಸಿ, ಮೂರೂ ತುಂಡುಗಳನ್ನು ಹಗಲಿಗೆ ಹಿಡಿದರು. ಒಂದು ಹಸಿರು, ಎರಡು ಹಳದಿ. ಮ್ಯಾನೇಜರಿಗೂ ಕಂಡಿತು.

“ಹಾಗಾದರೆ ತಪ್ಪು ಮಾಡಿದ್ದು ಅಂಗಡಿ?” ಎಂದು ಅವರು ಕೇಳಿದರು.

ತಿಮ್ಮಪ್ಪಣ್ಣ ತಮ್ಮ ಹರಕುಮುರುಕು ಹಿಂದಿಯಲ್ಲಿ ಉತ್ತರ ಕೊಟ್ಟರು. ಅದರ ಸಾರ ಇಷ್ಟು: ಕಲಸಿದ್ದು ತಪ್ಪಿದೆ. ಕಲಸುವವರು ದಿನಕ್ಕೆ ಹತ್ತು ಸಲ ತಪ್ಪುತ್ತಾರೆ, ಅದು ಕೆಲಸ. ಬೇಡ ಎನ್ನುವವನನ್ನು ತೆಗೆದರಲ್ಲ ಸಾಹೇಬ್, ಅದು ತಪ್ಪು.

ನೀವು ಹೊಸಬರು. ಇಷ್ಟಾದ ಮೇಲೆ ನ್ಯಾಯ ಸಿಕ್ಕಿರಬೇಕು ಎಂದುಕೊಳ್ಳುತ್ತೀರಿ. ಸಿಕ್ಕ ನ್ಯಾಯವನ್ನು ಕೇಳಿ. ಮಾಸ್ಟರಿಗೆ ಏನೂ ಆಗಲಿಲ್ಲ. ನನಗೆ ಎಚ್ಚರಿಕೆಯ ಕಾಗದ ಬಂತು. ತಿಮ್ಮಪ್ಪಣ್ಣ ನಿರ್ದೋಷಿ, ನಾಳೆಯಿಂದ ತೊಟ್ಟಿ ತೊಳೆಯಲು ಬರಬಹುದು! ಆಗಷ್ಟೇ ನಮ್ಮ ಮೂವರಿಗೂ ಕಾಣದ್ದನ್ನು ಕಾಣಿಸಿದ ಮನುಷ್ಯ, ತೊಟ್ಟಿ ತೊಳೆಯಲು ಬರಬಹುದು. “ನೋಡುವ ಕೆಲಸ ಕೊಡ್ತೀರಾ ಸಾಹೇಬ್?” ಎಂದು ಅವರು ಕೇಳಿದರು. ಅಂಥ ಕೆಲಸ ನಮ್ಮ ಪಟ್ಟಿಯಲ್ಲೇ ಇಲ್ಲ ಎಂದರು ಮಾಸ್ಟರು. “ಹಾಗಾದ್ರೆ ನಾನೂ ಇಲ್ಲ” ಎಂದು ತಿಮ್ಮಪ್ಪಣ್ಣ ಕೈ ಮುಗಿದು ಹೊರಟರು. ಇಂದಿಗೂ ಆ ಪಟ್ಟಿಯನ್ನು ನೆನೆದರೆ ಹಲ್ಲು ಕಡಿಯುತ್ತೇನೆ.

ಕರಿ ರೋಡ್ ಸ್ಟೇಷನ್ನಿನ ದಾರಿಯಲ್ಲಿ ಓಡಿಹೋಗಿ ಅವರನ್ನು ಹಿಡಿದೆ.

“ನಂದು ತಪ್ಪಾತ್ರಿ ತಿಮ್ಮಪ್ಪಣ್ಣಾ.”

“ಮಿಕ್ಸ್ ತಪ್ಪಿದ್ದು ಬಿಡಿ. ಮೂರು ದಿನ ಎಂತಕ್ಕೆ ಬೇಕಾಯ್ತು ಮಾರಾಯ್ರೇ?” ಎಂದರು.

ನಾನು ಅವರ ಜೊತೆ ಹೆಜ್ಜೆ ಹಾಕಿದೆ. ಸ್ವಲ್ಪ ದೂರ ನಡೆದ ಮೇಲೆ ತಾವೇ ಮಾತೆತ್ತಿದರು. ಬೊರಿವಲಿಯಲ್ಲಿ ಬಣ್ಣ ಹಾಕುವ ಕುಲದ ಒಬ್ಬ ಖತ್ರಿ ಸಣ್ಣದೊಂದು ಬಣ್ಣದ ಶೆಡ್ ಹಾಕಿದ್ದಾರೆ, ನಾಲ್ಕೇ ತೊಟ್ಟಿ, ಬದನೆಕಾಯಿ ಸೀರೆಯ ಕಥೆ ಅವರ ಕಿವಿಗೂ ಬಿದ್ದಿದೆ, ನೋಡಲಿಕ್ಕೇ ಜನ ಬೇಕು ಎಂದಿದ್ದಾರೆ. “ಕಲಸ್ಲಿಕ್ಕೂ ಬೇಕಂತೆ. ನೀವೂ ಬನ್ನಿ. ನಾವಿಬ್ರು ಇದ್ರೆ ನಾಲ್ಕು ತೊಟ್ಟಿ ಸಾಕು” ಎಂದರು.

ಆ ದಿನಗಳಲ್ಲಿ ಬೊರಿವಲಿ ಎಂದರೆ ಊರಾಚೆ. ನನಗೆ ಪರೇಲಿನ ಕಾಯಂ ಕೆಲಸ, ಘಾಟ್ಕೋಪರಿನಲ್ಲಿ ಖೋಲಿ, ಆಗತಾನೆ ಮದುವೆ. “ನೋಡೂಣ್ರಿ” ಎಂದೆ. ಹೋಗುವುದಿಲ್ಲ ಎಂದು ಹೇಳಲು ಧೈರ್ಯವಿಲ್ಲದವರು ಆಡುವ ಮಾತು ಅದು. ಅವರಿಗೆ ಅದು ಗೊತ್ತಾಗದೆ ಇರುತ್ತದೆಯೇ? ನಕ್ಕು, ಲೋಕಲ್ ಹತ್ತಿದರು.

ಮುಂದೆ ಮಿಲ್ಲಿನಲ್ಲಿ ನಾನು ಮೇಲೇರುತ್ತಲೇ ಹೋದೆ. ಅದನ್ನು ಬರೆದು ಕಾಗದ ಹಾಳು ಮಾಡುವುದಿಲ್ಲ. ಬರೆಯಬೇಕಾದದ್ದು ಬೇರೆ ಇದೆ. ಆ ದಿನದಿಂದ ನಾನು ಕೂಡಿಸಿದ ಒಂದೇ ಒಂದು ಬಣ್ಣವನ್ನೂ ಯಾರೂ ಜೇಬಿಗೆ ಹಾಕಿಕೊಂಡು ಹೋಗಲಿಲ್ಲ. ತಪ್ಪುಗಳೂ ಆಗಲಿಲ್ಲ, ತಪ್ಪಾಗುವಂಥ ಕಷ್ಟದ ಬಣ್ಣಗಳನ್ನು ನಾನು ಒಪ್ಪಿಕೊಳ್ಳುವುದನ್ನೇ ಬಿಟ್ಟಿದ್ದೆ. ಕೈಕೆಳಗೆ ಬಂದವರೆಲ್ಲ ನನ್ನ ತುಂಡು ನೋಡಿ, “ಫಸ್ಟ್ ಕ್ಲಾಸ್ ಸಾಹೇಬ್” ಎನ್ನುತ್ತಿದ್ದರು. ಹತ್ತು ಜನ ಹೂಂ ಎನ್ನುವವರ ನಡುವೆ ನನ್ನ ಕೈ ಮೊಂಡಾಯಿತು. ಇದಕ್ಕೆ ಸಂಬಳ ಹೆಚ್ಚಿಸಿದರು, ಇದಕ್ಕೆ ಶಾಲು ಹೊದಿಸಿದರು. ಹೊಸಬರೇ, ನಿಮ್ಮ ಕೆಲಸವನ್ನು ನೋಡಿ ಆಗುವುದಿಲ್ಲ ಎನ್ನುವವರು ಯಾರಾದರೂ ಸಿಕ್ಕರೆ ಅವರು ಹೋದ ಕಡೆ ಹೋಗಿ. ಖೋಲಿ, ಕಾಯಂ ಕೆಲಸ ಎಂದು ನನ್ನ ಹಾಗೆ ಲೆಕ್ಕ ಹಾಕುತ್ತ ನಿಲ್ಲಬೇಡಿ.

ತಿಮ್ಮಪ್ಪಣ್ಣ ಹೋದ ಎರಡು ವರ್ಷದ ಮೇಲೆ, ದೀಪಾವಳಿಗೆ ಸೀರೆ ತರಲು ದಾದರಿಗೆ ಹೋಗಿದ್ದೆ. ಅಂಗಡಿಯ ಮುಂದೆ ಒಂದು ಸೀರೆ ತೂಗುಹಾಕಿದ್ದರು. ಬೂದಿ ಬೆರೆತ ನೀಲಿ. ನಮ್ಮ ಕಸುಬಿನಲ್ಲಿ ಅದಕ್ಕಿಂತ ಕಷ್ಟದ ಬಣ್ಣವಿಲ್ಲ. ಕೂದಲೆಳೆಯಷ್ಟು ತಪ್ಪಿದರೆ ಕೊಳೆಯಾಗಿ ಕಾಣುತ್ತದೆ. ಇದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ರಸ್ತೆಯಲ್ಲೇ ನಿಂತುಬಿಟ್ಟೆ. ಎಲ್ಲಿಯ ಮಾಲು ಎಂದು ಕೇಳಿದರೆ, ಬೊರಿವಲಿಯ ಒಂದು ಶೆಡ್ಡಿನದು ಎಂದರು ಅಂಗಡಿಯವರು. ಕಲಸುವವರು ಯಾರು ಎಂದೆ. ಯಾರೋ ಒಬ್ಬ, ಮೊದಲು ಯಾವ ಮಿಲ್ಲಿನಲ್ಲೂ ಆರು ತಿಂಗಳು ನಿಂತವನಲ್ಲವಂತೆ, ಎಲ್ಲರೂ ದಡ್ಡ ಎಂದು ಓಡಿಸಿದ್ದರಂತೆ, ಈಗ ಅವನ ಕೈಗೆ ಸಾಟಿ ಇಲ್ಲ ಎಂದರು. ನಾನು ಆ ಸೀರೆಯನ್ನೇ ಕಟ್ಟಿಸಿಕೊಂಡೆ.

ಮನೆಯಲ್ಲಿ ಹೆಂಡತಿ ಅದನ್ನು ಬಿಚ್ಚಿ, ಬಾಗಿಲ ಬೆಳಕಿಗೆ ಹಿಡಿದು, ಕಣ್ಣರಳಿಸಿದಳು.

“ಅಯ್ಯ, ಏನ್ ಛಂದ ಬಣ್ಣಾರೀ! ಇದು ನೀವು ಕಲಸಿದ್ದೇನ್ರಿ?”

“ಅಲ್ಲ,” ಅಂದೆ. “ಕಲಸಾಕ ನನ್ನ ಕರದಿದ್ರು. ನಾ ಹೋಗ್ಲಿಲ್ಲ.”